ಬೀಸುಕಲ್ಲು ಕೇಳದ ಪ್ರಶ್ನೆ

ಮನಸ್ಸಿನ ಸಂಕಟ ಕೇಳಿಸಿಕೊಳ್ಳುವ ಸಹಾಯವಾಣಿಯ ತರಬೇತಿಗೆ ಬಂದ ವಿದ್ಯಾರ್ಥಿಗಳಿಂದ ಅಣಕು ಕರೆ ಮಾಡಿಸುವುದುಂಟು. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗುವಂತೆ ಇಡುತ್ತಾರೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಇಲ್ಲಿಯೂ ಕಾಣಬಾರದು, ದನಿಯೊಂದೇ ಆಧಾರ. ಒಬ್ಬರು ಸಂಕಟದಲ್ಲಿದ್ದವರಂತೆ ಮಾತಾಡುತ್ತಾರೆ, ಇನ್ನೊಬ್ಬರು ಕರೆ ಎತ್ತುತ್ತಾರೆ. ಚಡಚಣ ಭಾಗದಿಂದ ವಿಜಯಪುರಕ್ಕೆ ಓದಲು ಬರುವ ಇಬ್ಬರು ಹುಡುಗಿಯರು ಹಾಗೆ ಕೂತಿದ್ದಾರೆ ಎಂದುಕೊಳ್ಳೋಣ. ಮೊದಲ ಸಲದ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಅಕ್ಕಾರ, ರಿಸಲ್ಟ್ ಬಂದದರಿ. ಎರಡು ಸಬ್ಜೆಕ್ಟ್ ಹೋಗ್ಯಾವ. ಮನ್ಯಾಗ ಇನ್ನಾ ಹೇಳಿಲ್ರಿ."

"ಅಯ್ಯ, ಅಷ್ಟಕ್ಕ ಯಾಕ ಹೆದರ್ತೀರಿ? ಮತ್ತ ಕಟ್ಟಿದ್ರಾತು. ನಮ್ಮ ಕಾಕಾನ ಮಗಾ ಮೂರು ಸಲ ಕಟ್ಟಿದಾಂವ ಈಗ ಪೊಲೀಸ್ ಆಗ್ಯಾನ."

"ಹೂಂನ್ರಿ."

ಅಲ್ಲಿಗೆ ಮಾತು ಮುಗಿಯಿತು. ತರಬೇತಿ ಕೊಡುವವರು ಕರೆ ಮಾಡಿದವಳನ್ನು ಕೇಳುತ್ತಾರೆ, ಹ್ಯಾಂಗನಸ್ತು? "ಫೋನ್ ಇಟ್ಟಬಿಡಬೇಕು ಅನಸ್ತ್ರಿ" ಎನ್ನುತ್ತಾಳೆ ಆಕೆ. ಕರೆ ಎತ್ತಿದವಳಿಗೆ ಆಶ್ಚರ್ಯ. ಆಕೆ ಆಡಿದ್ದು ಒಳ್ಳೆಯ ಮಾತನ್ನೇ. ಧೈರ್ಯ ಹೇಳಿದ್ದಳು, ಅದರಲ್ಲಿ ಸುಳ್ಳೂ ಇರಲಿಲ್ಲ. ಕಾಕಾನ ಮಗ ನಿಜಕ್ಕೂ ಪೊಲೀಸ್ ಆಗಿದ್ದಾನೆ.

ಇನ್ನೊಮ್ಮೆ ಮಾಡಿಸುತ್ತಾರೆ. ಈ ಸಲ ಒಂದೇ ಷರತ್ತು: ಐದು ನಿಮಿಷ ಯಾವ ಪರಿಹಾರವನ್ನೂ ಹೇಳುವ ಹಾಗಿಲ್ಲ.

"ಮನ್ಯಾಗ ಇನ್ನಾ ಹೇಳಿಲ್ರಿ."

"ಹೂಂ. ಒಬ್ಬರ ಇದನ್ನ ಇಟ್ಕೊಂಡು ಕುಂತೀರಿ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ. ಆಮೇಲೆ ಆ ಕಡೆಯಿಂದ ಮಾತು ತಾನಾಗಿ ಬರತೊಡಗುತ್ತದೆ. "ಅಪ್ಪ ಎರಡು ಬೋರ್ ಹೊಡಿಸಿದಾರಿ, ಎರಡೂ ಫೇಲ್ ಆದೂ. ನನ್ನ ಫೀಜಿಗಿ ಅವ್ವ ಬೆಂಡೋಲಿ ಒತ್ತಿ ಇಟ್ಟಾಳ. ಈಗ ಯಾ ಬಾಯಿಲೆ ಹೇಳ್ಲಿ? ನಾ ಇಲ್ಲಂದ್ರ ಅವರಿಗಿ ಹಗುರ ಆಗ್ತದೇನೋ ಅನಸ್ತದ್ರಿ."

ಎರಡು ಸಬ್ಜೆಕ್ಟಿನ ಹಿಂದೆ ಈ ಕೊನೆಯ ಮಾತು ಅಡಗಿ ಕೂತಿತ್ತು. ಕಾಕಾನ ಮಗನ ಕತೆ ಹೇಳಿದ್ದರೆ ಅದು ಎಂದೂ ಹೊರಗೆ ಬರುತ್ತಿರಲಿಲ್ಲ. ಈಗ ಬಂದಿದೆ. ಬಂದ ಮೇಲೆ ಕರೆ ಎತ್ತಿದವಳು ನೇರವಾಗಿ ಕೇಳಬೇಕು: "ಜೀವಾ ಕಳ್ಕೋಬೇಕು ಅನ್ನೂ ವಿಚಾರ ಬಂದದೇನ್ರಿ?"

ತರಬೇತಿಯಲ್ಲಿ ಎಲ್ಲರೂ ತಡವರಿಸುವ ಜಾಗ ಇದು. ಅಣಕು ಕರೆ ಎಂದು ಗೊತ್ತಿದ್ದರೂ ಈ ಪ್ರಶ್ನೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೇಳಿದರೆ ಇಲ್ಲದ ವಿಚಾರವನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳು ಈ ಭಯಕ್ಕೆ ಆಧಾರವಿಲ್ಲ ಎನ್ನುತ್ತವೆ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ, ಬೆಳೆಯುವುದೂ ಇಲ್ಲ. ಅದನ್ನು ಒಳಗೇ ಇಟ್ಟುಕೊಂಡು ಬಂದವರಿಗೆ ಬಿಡುಗಡೆಯ ಉಸಿರೊಂದು ಸಿಗುತ್ತದೆ. ಇಷ್ಟು ದಿನ ಯಾರೂ ಹತ್ತಿರ ಬರದ ಜಾಗಕ್ಕೆ ಒಬ್ಬರು ಬಂದು, ಹೆದರದೆ ನಿಂತಿದ್ದಾರೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಆಮೇಲಿನ ಪ್ರಶ್ನೆಗಳು ಸಾದಾ. ಈಗ ಒಬ್ಬರೇ ಇದ್ದೀರಾ? ಹತ್ತಿರ ಯಾರಿದ್ದಾರೆ? ಈ ರಾತ್ರಿ ಜೊತೆಗೆ ಯಾರು ಮಲಗಬಹುದು? ಅಪಾಯ ಮಾಡಿಕೊಳ್ಳಬಹುದಾದ ವಸ್ತು ಕೈಗೆ ಸಿಗದಂತೆ ಯಾರ ಹತ್ತಿರ ಕೊಟ್ಟಿಡೋಣ? ಅಪಾಯ ಹತ್ತಿರವೇ ಇದೆ ಎನ್ನಿಸಿದರೆ ವಿದ್ಯಾರ್ಥಿ ಅದನ್ನು ಒಬ್ಬಂಟಿಯಾಗಿ ಹೊರುವಂತಿಲ್ಲ, ಹಿರಿಯ ಸಮಾಲೋಚಕರಿಗೆ ದಾಟಿಸಲೇಬೇಕು. ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಮಾತಿಗೆ ಜೀವಕ್ಕೆ ಅಪಾಯವಿದ್ದಾಗ ವಿನಾಯಿತಿ ಉಂಟು ಎಂಬುದನ್ನೂ ಮೊದಲೇ ತಿಳಿಸಿರಬೇಕು.

ಈ ವಿವರಗಳನ್ನು ಯಾವ ಕೈಪಿಡಿಯಲ್ಲಾದರೂ ಓದಬಹುದು. ನನ್ನನ್ನು ಕಾಡುವುದು ಮೊದಲ ಸಲದ ಆ ಅವಸರ. ಇಪ್ಪತ್ತು ವರ್ಷ ತುಂಬದ, ಮನಸ್ಸು ಒಳ್ಳೆಯದಿರುವ ಹುಡುಗಿ ಇನ್ನೊಬ್ಬರ ಸಂಕಟ ಕಿವಿಗೆ ಬಿದ್ದ ಕ್ಷಣದಲ್ಲೇ ಅದನ್ನು ಮುಚ್ಚಲು ಯಾಕೆ ಓಡುತ್ತಾಳೆ? ಅವಳೊಬ್ಬಳೇ ಅಲ್ಲ, ಎಲ್ಲರೂ ಓಡುತ್ತೇವೆ. "ಏನಾಗೂದಿಲ್ಲ ಬಿಡು", "ದೇವರದಾನ", "ನಿನಗಿಂತ ಕಷ್ಟದಾಗ ಇದ್ದವರನ್ನ ನೋಡು" ಎನ್ನುತ್ತೇವೆ. ಈ ಮಾತುಗಳ ಒಳಗಿಳಿದು ನೋಡಿದರೆ, ಅವು ಹೆಚ್ಚಾಗಿ ಹೇಳುವವರ ನೆಮ್ಮದಿಗಾಗಿಯೇ ಹುಟ್ಟಿದವು ಎಂದು ನನಗೆ ಅನ್ನಿಸುತ್ತದೆ. ಇನ್ನೊಬ್ಬರ ದುಃಖದ ಎದುರು ಏನೂ ಮಾಡಲಾಗದೆ ಕೂಡುವುದು ನಮ್ಮಿಂದ ಆಗುವುದಿಲ್ಲ. ಆ ಅಸಹಾಯಕತೆಯಿಂದ ತಪ್ಪಿಸಿಕೊಳ್ಳಲು ಉತ್ತರವೊಂದನ್ನು ಮುಂದಿಡುತ್ತೇವೆ. ಎದುರಿನವರು "ಹೂಂನ್ರಿ" ಎಂದು ತಲೆಯಾಡಿಸಿದರೆ ಸಮಾಧಾನವಾಯಿತು ಎಂದುಕೊಳ್ಳುತ್ತೇವೆ. ಆಗಿರುವುದು ನಮಗೆ.

ಹಾಗೆ ನೋಡಿದರೆ ನಮ್ಮ ವಿಜಯಪುರ ಜಿಲ್ಲೆ ಕೇಳುವುದನ್ನು ಬಲ್ಲದು. 2023ರ ಜನವರಿ 2ರಂದು ಲಿಂಗೈಕ್ಯರಾದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಈ ಜಿಲ್ಲೆಯ ಬಿಜ್ಜರಗಿಯಲ್ಲಿ ಹುಟ್ಟಿದವರು. ಅವರ ಪ್ರವಚನಕ್ಕೆ ನಸುಕಿನಲ್ಲೇ ಎದ್ದು ಬಂದು, ಸಾವಿರಾರು ಮಂದಿ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಸುಮ್ಮನೆ ಕೂಡುತ್ತಿದ್ದರು. ಅಷ್ಟು ಶಾಂತವಾಗಿ ಕೇಳುವ ಜನ ಎಲ್ಲೆಡೆ ಸಿಗುವುದಿಲ್ಲ. ಆದರೆ ಆ ಕೇಳುವಿಕೆ ಮೇಲ್ಮುಖವಾದದ್ದು. ಗುರುವಿನ ಮಾತು, ಹಿರಿಯರ ಮಾತು, ತಿಳಿದವರ ಮಾತು ಕಿವಿಗೆ ಬೀಳುತ್ತದೆ. ಅದೇ ಮನೆಗಳಲ್ಲಿ ಹದಿನೇಳರ ಹುಡುಗ ಬಾಯಿ ತೆರೆದರೆ "ನಿನಗೇನ ತಿಳೀತದ, ಸುಮ್ಮಕುಂಡ್ರು" ಎಂಬ ಮಾತು ಬರುತ್ತದೆ. ಮೇಲಿನಿಂದ ಬರುವ ಮಾತಿಗೆ ಎಷ್ಟು ಭಕ್ತಿಯೋ ಕೆಳಗಿನಿಂದ ಬರುವ ಮಾತಿಗೆ ಅಷ್ಟೇ ಅವಸರ. ವಿದ್ಯಾರ್ಥಿ ಸ್ವಯಂಸೇವಕರು ಕಲಿಯಬೇಕಿರುವುದು ಈ ಎರಡನೆಯ ಬಗೆಯ ಕೇಳುವಿಕೆಯನ್ನು. ಅದಕ್ಕೆ ಮನೆಯಲ್ಲಿ ಅವರು ಕಂಡ ಮಾದರಿ ಕಡಿಮೆ.

ಮಾದರಿ ಇಲ್ಲವೇ ಇಲ್ಲ ಎನ್ನಲಾರೆ. ಚಡಚಣಕ್ಕೆ ಸಮೀಪದಲ್ಲೇ ಹಲಸಂಗಿ ಇದೆ. ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಆ ಸಣ್ಣ ಊರಿನ ಸುತ್ತ ಒಂದು ಗೆಳೆಯರ ಬಳಗ ಕೂಡಿಕೊಂಡಿತು. ಮಧುರಚೆನ್ನರು, ಚಡಚಣದವರೇ ಆದ ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಹೆಂಗಸರು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಅವರವರ ಬಾಯಿಂದಲೇ ಕೇಳಿ ಬರೆದುಕೊಂಡರು. 1931ರಲ್ಲಿ ಅದು 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂತು. ಓದುಬರಹ ಕಲಿತ ಗಂಡಸರು, ಅಕ್ಷರ ಬಾರದ ಹೆಂಗಸರು ಬೀಸುತ್ತ ಹಾಡಿದ್ದರಲ್ಲಿ ಬೆಲೆಯುಳ್ಳದ್ದೇನೋ ಇದೆ ಎಂದು ನಂಬಿ ಕಿವಿಗೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಕೆಳಗಿನಿಂದ ಬರುವ ದನಿಯನ್ನು ತಿದ್ದದೆ, ಅದಕ್ಕೆ ಬುದ್ಧಿ ಹೇಳದೆ, ಇದ್ದ ಹಾಗೆಯೇ ಕೇಳಿಸಿಕೊಂಡವರು ಈ ನೆಲದಲ್ಲಿಯೇ ಇದ್ದರು.

ಬೆಳಗಿನ ಜಾವ ಜೋಳ ಬೀಸುವಾಗ ಬರುತ್ತಿದ್ದ ಆ ಹಾಡುಗಳಲ್ಲಿ ತವರಿನ ನೆನಪುಂಟು, ಅಣ್ಣ ಬರಲಿಲ್ಲವೆಂಬ ಕೊರಗುಂಟು, ಮಕ್ಕಳಿಲ್ಲದ ಸಂಕಟ, ಅತ್ತೆಮನೆಯ ಬೇಗೆ ಉಂಟು. ಹಗಲಲ್ಲಿ ಯಾರೆದುರಿಗೂ ಆಡಲಾಗದ್ದನ್ನು ಹೆಣ್ಣು ಕಲ್ಲಿನೆದುರು ಹಾಡಿಕೊಂಡಳು. ಬೀಸುಕಲ್ಲು ಒಂದು ರೀತಿಯಲ್ಲಿ ಬಹಳ ಒಳ್ಳೆಯ ಕೇಳುಗ. ನಡುವೆ ಬಾಯಿ ಹಾಕುವುದಿಲ್ಲ. ಕೇಳಿದ್ದನ್ನು ಓಣಿಯಲ್ಲಿ ಆಡುವುದಿಲ್ಲ. ಹಿಂಗ ಮಾಡಬೇಕಿತ್ತು ಎನ್ನುವುದಿಲ್ಲ. ಸಹಾಯವಾಣಿಯ ತರಬೇತಿ ವಾರಗಟ್ಟಲೆ ಕಲಿಸುವ ಮೂರು ಗುಣಗಳು ಕಲ್ಲಿಗೆ ಹುಟ್ಟಿನಿಂದಲೇ ಬಂದಿವೆ. ಆದರೂ ಅದರಿಂದ ಆಗದ ಒಂದು ಕೆಲಸವಿದೆ. ಹಾಡು ಮುಗಿದ ಮೇಲೆ ಅದು ತಿರುಗಿ ಕೇಳಲಾರದು. ಇವತ್ತು ದನಿ ಯಾಕ ಸಣ್ಣಾಗೇದ, ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಷ್ಟೋ ಹೆಂಗಸರು ಕಲ್ಲಿಗೆ ಎಲ್ಲವನ್ನೂ ಹೇಳಿದ ಮೇಲೂ ಒಬ್ಬಂಟಿಯಾಗಿಯೇ ಉಳಿದಿರಬೇಕು. ಹಾಡು ನಮ್ಮ ಕೈಗೆ ಬಂತು. ಹಾಡಿದವಳ ಬದುಕು ಏನಾಯಿತು ಎಂಬುದು ಬರಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಬೀಸುವಾಗ ಸಾಮಾನ್ಯವಾಗಿ ಇಬ್ಬರು ಕೂಡುತ್ತಿದ್ದರು. ಎದುರುಬದುರು ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುತ್ತಿದ್ದರು. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು. ಹಾಗಾದರೆ ನಿಜವಾದ ಕೇಳುಗ ಕಲ್ಲಾಗಿರಲಿಲ್ಲವೇನೋ. ಎದುರಿಗೆ ಕೂತ ನೆಗೆಣ್ಣಿಯೋ ನೆರೆಮನೆಯವಳೋ ಆಗಿದ್ದಳು. ಇವಳ ಅತ್ತೆಯನ್ನು ಬದಲಿಸುವ ಶಕ್ತಿ ಅವಳಿಗಿರಲಿಲ್ಲ, ಅವಳದೂ ಅಂಥದೇ ಮನೆ. ಅವಳು ಮಾಡಿದ್ದು ಇಷ್ಟೇ: ಗೂಟ ಬಿಡಲಿಲ್ಲ, ಸಾಲು ಕೆಳಗೆ ಬೀಳಗೊಡಲಿಲ್ಲ. ಫೋನು ಎತ್ತುವ ಇಪ್ಪತ್ತರ ಹುಡುಗಿಯ ಅಧಿಕಾರವೂ ಇಷ್ಟೇ ಎಂದು ನನಗೆ ತೋರುತ್ತದೆ. ಬೋರಿಗೆ ನೀರು ತರಿಸಲು ಅವಳಿಂದ ಆಗದು, ಬೆಂಡೋಲಿ ಬಿಡಿಸಲೂ ಆಗದು. ಆ ಭಾರ ತಿರುಗುವಾಗ ಇನ್ನೊಂದು ಕೈ ಹಚ್ಚುತ್ತಾಳೆ. ಗಿರಣಿ ಬಂದು ಹೆಂಗಸರ ರಟ್ಟೆ ಉಳಿಯಿತು, ಅದು ಬಹಳ ಒಳ್ಳೆಯದಾಯಿತು. ಬೀಸುಕಲ್ಲಿನ ಕಾಲ ಮರಳಲಿ ಎಂದು ಯಾವ ಹೆಣ್ಣೂ ಬಯಸಲಾರಳು. ಎದುರುಬದುರು ಕೂಡುವ ಆ ಹೊತ್ತಿಗೆ ಬದಲಾಗಿ ಮಾತ್ರ ನಾವು ಬೇರೇನನ್ನೂ ಕಟ್ಟಿಕೊಳ್ಳಲಿಲ್ಲ.

ಬೇರೆ ಕಡೆ ಇದನ್ನು ಫೋನಿನ ಮೇಲೆ ಕಟ್ಟಿದ ಬಗೆ ಸ್ವಾರಸ್ಯವಾಗಿದೆ. 1953ರ ನವೆಂಬರಿನಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗಾಗಿ ತನ್ನ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟ. ಅದೇ ಮುಂದೆ 'ಸಮಾರಿಟನ್ಸ್' ಆಯಿತು. ಆತ ಸಲಹೆ ಕೊಡುವುದರಲ್ಲಿ ಪಳಗಿದವನು. ಜನ ಹೆಚ್ಚಿದಾಗ, ಕಾಯುತ್ತ ಕೂತವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸಾಮಾನ್ಯ ಜನರನ್ನು ಇಟ್ಟುಕೊಂಡ. ಬರಬರುತ್ತ ಒಂದು ಸಂಗತಿ ಕಂಡಿತು. ಹೊರಗೆ ಚಹಾ ಕುಡಿದು ಮಾತಾಡಿದವರಲ್ಲಿ ಎಷ್ಟೋ ಮಂದಿಗೆ ಒಳಗೆ ಬಂದು ಇವನನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಮರುವರ್ಷವೇ ಆತ ಆ ಕೆಲಸವನ್ನು ಸ್ವಯಂಸೇವಕರ ಕೈಗೆ ಕೊಟ್ಟುಬಿಟ್ಟ. ತಾನು ಕಲಿತ ವಿದ್ಯೆಗಿಂತ ಹೊರಗಿನ ಆ ಚಹಾ ಹೆಚ್ಚು ಕೆಲಸ ಮಾಡುತ್ತಿದೆ ಎಂದು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು. 1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಮಾತನ್ನು ರಾತ್ರಿಯಿಡೀ ಕೇಳುವ 'ನೈಟ್‌ಲೈನ್' ಶುರುವಾಯಿತು. ನಮ್ಮ ಕಡೆ 1986ರಲ್ಲಿ ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ 'ಸ್ನೇಹಾ'ವನ್ನು ಕಟ್ಟಿದರು. ಬೆಂಗಳೂರಿನಲ್ಲಿ 'ಸಹಾಯ್' ಬಂತು. ಎರಡರ ಬೆನ್ನೆಲುಬೂ ತರಬೇತಿ ಪಡೆದ ಸ್ವಯಂಸೇವಕರೇ.

ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ ದಾರಿ 'ಯುವ ಸ್ಪಂದನ'. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಹಲವು ವರ್ಷದಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ ಇದು. ಇದರಲ್ಲಿ ಯುವ ಸಮಾಲೋಚಕರು, ಯುವ ಪರಿವರ್ತಕರು ಎಂದು ಎರಡು ಬಗೆ. ಆಯಾ ಜಿಲ್ಲೆಯ ಯುವಜನರನ್ನೇ ಆರಿಸಿ, ತರಬೇತಿ ಕೊಟ್ಟು, ಕಾಲೇಜುಗಳಿಗೂ ಊರುಗಳಿಗೂ ಕಳಿಸುತ್ತಾರೆ. ಓದಿನ ಒತ್ತಡ, ಪ್ರೀತಿಯ ತೊಡಕು, ಮನೆಯ ಜಗಳ, ಚಟ, ಯಾವುದೇ ಇರಲಿ, ಓರಗೆಯವರೊಬ್ಬರು ಮೊದಲು ಕೇಳುತ್ತಾರೆ. ಇದಕ್ಕೆ 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಸೇರಿಕೊಂಡಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಅಲ್ಲಿ ಇರುವವರು ಸಂಬಳಕ್ಕೆ ದುಡಿಯುವ ತರಬೇತಾದ ಸಮಾಲೋಚಕರು, ಅವರ ಬೆನ್ನಿಗೆ ಮನೋವೈದ್ಯರು. ಕಾಲೇಜಿನ ವಿದ್ಯಾರ್ಥಿ ಆ ಜಾಗವನ್ನು ತುಂಬಬೇಕಿಲ್ಲ. ಆ ನಂಬರಿನವರೆಗೆ ಬರಲಾರದವರ ಜೊತೆ ಅಲ್ಲಿಯವರೆಗೆ ನಡೆಯಬೇಕು, ಅಷ್ಟೇ.

ಆ ಅಂತರ ಚಡಚಣದಂಥ ಊರಿನಲ್ಲಿ ಸಣ್ಣದಲ್ಲ. ಲಗ್ನದ ಬಸ್ತಾ ಕಟ್ಟಲು ಸುತ್ತಿನ ಹಳ್ಳಿಗಳಿಂದಲೂ ಭೀಮೆಯ ಆಚೆಯ ಮಹಾರಾಷ್ಟ್ರದಿಂದಲೂ ಜನ ಬರುವ ಜವಳಿ ಪೇಟೆ ಇದು. ಅಂಗಡಿಯಲ್ಲಿ ಸೀರೆ ಬಿಡಿಸುವವರಿಗೆ ಯಾರ ಮನೆಯ ಹುಡುಗಿಗೆ ಎಲ್ಲಿಯ ವರ ಎಂಬುದು ಗೊತ್ತಿರುತ್ತದೆ. ಪರಿಚಯವೇ ಇಲ್ಲಿನ ವ್ಯವಹಾರದ ಜೀವಾಳ, ಅದರಲ್ಲೊಂದು ಬೆಚ್ಚನೆಯ ಭಾವವೂ ಇದೆ. ಆದರೆ "ಯಾರ ಪೈಕಿರಿ ನೀವು?" ಎಂಬ ಪ್ರಶ್ನೆಯಿಂದಲೇ ಮಾತು ಶುರುವಾಗುವ ಕಡೆ, ಮನಸ್ಸು ಕೆಟ್ಟಿದೆ ಎಂದು ಹೇಳಿಕೊಳ್ಳುವುದು ಒಬ್ಬಳ ಮಾತಾಗಿ ಉಳಿಯುವುದಿಲ್ಲ. ತಂಗಿಯ ಸಂಬಂಧ, ಅಪ್ಪನ ಪತ, ಮನೆತನದ ಹೆಸರು ಎಲ್ಲವೂ ಅದಕ್ಕೆ ತಗುಲಿಕೊಳ್ಳುತ್ತವೆ. ಆಸ್ಪತ್ರೆಯ ಮನೋರೋಗ ವಿಭಾಗದ ಬಾಗಿಲಲ್ಲಿ ಗುರುತಿನವರು ಕಂಡರೆ ಎಂಬ ಭಯ ಕಾಯಿಲೆಗಿಂತ ದೊಡ್ಡದು. ಹೆಸರು ಕೇಳದ ಫೋನು ಹಾಗಾಗಿ ಇಲ್ಲಿ ಬಹಳ ದೊಡ್ಡ ಬಿಡುಗಡೆ. ಯಾರ ಪೈಕಿಯೂ ಅಲ್ಲದೆ, ಬರೀ ಒಂದು ಜೀವವಾಗಿ ಮಾತಾಡಬಹುದಾದ ಜಾಗ ಅದು. ಇದರಲ್ಲೊಂದು ನೋವೂ ಇದೆ. ಇಷ್ಟು ಜನ ಬಲ್ಲವರಿರುವ ಊರಿನಲ್ಲಿ ಮನಸ್ಸು ಬಿಚ್ಚಲು ಅಪರಿಚಿತರೇ ಬೇಕಾಗಿದ್ದಾರೆ.

ಬರೀ ಕೇಳಿದರೆ ಏನಾದೀತು ಎಂಬ ಅನುಮಾನ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಒಂದು ಗಂಟೆಯ ತಿಳಿವಳಿಕೆಯ ಮಾತು, ಆಮೇಲೆ ಹದಿನೆಂಟು ತಿಂಗಳವರೆಗೆ ಆಗಾಗ ಒಂದು ಫೋನು ಅಥವಾ ಭೇಟಿ. ಹೇಗಿದ್ದೀರಿ, ಏನಾದರೂ ಬೇಕಿತ್ತೆ ಎಂದು ವಿಚಾರಿಸುವುದು. ಮೊದಲ ಪಾಲಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ನೂರಕ್ಕೆ 2.2, ಎರಡನೆಯದರಲ್ಲಿ 0.2. ದುಬಾರಿ ಔಷಧವಿಲ್ಲ, ಯಂತ್ರವಿಲ್ಲ. ಈ ಅಂಕಿಯನ್ನು ನೋಡಿದಾಗಲೆಲ್ಲ ಗೂಟ ಬಿಡದ ಆ ಎದುರಿನ ಹೆಂಗಸು ನನಗೆ ನೆನಪಾಗುತ್ತಾಳೆ. ಮನುಷ್ಯ ಸಾವಿನ ಕಡೆ ಜಾರುವಾಗ ಎಷ್ಟೋ ಸಲ ಅವನು ಅಳೆಯುವುದು ತನ್ನ ಸಮಸ್ಯೆಯ ಗಾತ್ರವನ್ನಲ್ಲ; ತಾನಿಲ್ಲದಿದ್ದರೆ ಯಾರಿಗಾದರೂ ಗೊತ್ತಾದೀತೇ ಎಂಬುದನ್ನು. "ನಾ ಇಲ್ಲಂದ್ರ ಅವರಿಗಿ ಹಗುರ" ಎಂಬ ಆ ಹುಡುಗಿಯ ಲೆಕ್ಕಕ್ಕೆ ವಾದದಿಂದ ಉತ್ತರ ಸಿಗುವುದಿಲ್ಲ. ಮತ್ತೆ ನಾಡಿದ್ದು ಫೋನು ಬಂದಾಗ ಸಿಗುತ್ತದೆ.

ಹಾಗೆಂದು ಕೇಳುವುದನ್ನೇ ಸರ್ವರೋಗಕ್ಕೆ ಮದ್ದು ಮಾಡಿಬಿಟ್ಟರೆ ಅದು ಅನ್ಯಾಯ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ. ಇವರೆಲ್ಲರ ಮನಸ್ಸು ದುರ್ಬಲವಾಗಿತ್ತು ಎನ್ನುವುದು ಸುಲಭ, ಅದು ಹೃದಯಹೀನವೂ ಹೌದು. ಮಳೆ ಕೈಕೊಡುವ ನೆಲದಲ್ಲಿ ಬೋರಿನ ಮೇಲೆ ಬೋರು ಕೊರೆಸಿ ಸಾಲಕ್ಕೆ ಬಿದ್ದ ಮನೆಗೆ ಸಾಲದ ಪರಿಹಾರ ಬೇಕು. ಹಾಸ್ಟೆಲಿನಲ್ಲಿ ಜಾತಿಯ ಮಾತಿಗೆ ಕುಗ್ಗಿದ ಹುಡುಗನಿಗೆ ನ್ಯಾಯ ಬೇಕು. ಓದು ಬಿಡಿಸಿ ಲಗ್ನ ಮಾಡಲು ಹೊರಟ ಮನೆಯ ಹುಡುಗಿಗೆ ಕಾನೂನಿನ ಆಸರೆ ಬೇಕು. ಇವುಗಳ ಜಾಗದಲ್ಲಿ ಒಂದು ಫೋನ್ ನಂಬರ್ ಅಂಟಿಸಿ ಕೈತೊಳೆದುಕೊಂಡರೆ ಸ್ವಯಂಸೇವಕರನ್ನು ನಾವು ಮುಸುಕಾಗಿ ಬಳಸಿದ ಹಾಗೆ. ಒಳ್ಳೆಯ ಕೇಳುಗರಿಗೆ ಇದು ಬೇಗ ತಿಳಿಯುತ್ತದೆ. ಹತ್ತು ಕರೆಗಳಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಬಂದರೆ ಅದು ಹತ್ತು ಮನಸ್ಸುಗಳ ಕಾಯಿಲೆಯಾಗಿರಲಾರದು. ಹೆಸರು ಹೇಳದೆ, ಗುಟ್ಟು ಮುರಿಯದೆ, ಆ ಕಾರಣವನ್ನು ಆಡಳಿತದ ಮುಂದಿಡುವ ದಾರಿಯೊಂದು ತರಬೇತಿಯ ಭಾಗವಾಗಿಯೇ ಇರಬೇಕು.

ಕಾನೂನು ಇತ್ತೀಚೆಗೆ ಒಂದೆರಡು ಹೆಜ್ಜೆ ಮುಂದೆ ಬಂದಿದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದಿತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಬೇಕು, ಸಹಾಯವಾಣಿಯ ನಂಬರು ಹಾಸ್ಟೆಲಿನಲ್ಲೂ ತರಗತಿಯಲ್ಲೂ ಕಣ್ಣಿಗೆ ಬೀಳುವಂತಿರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಿಂದ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳದ ಪದವಿ ಕಾಲೇಜುಗಳವರೆಗೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಆದೇಶ ಗೋಡೆಗೆ ಹತ್ತುವುದು ಬೇಗ. ಅದು ಯಾರಾದರೂ ಒಬ್ಬರ ಕಿವಿಯಾಗುವುದಕ್ಕೆ ಹೊತ್ತು ಹಿಡಿಯುತ್ತದೆ.

ಕೇಳುವವರ ಒಳಗೆ ಏನು ನಡೆಯುತ್ತದೆ ಎಂಬುದು ನನಗೆ ಈ ವಿಷಯದ ಎಲ್ಲಕ್ಕಿಂತ ಆಳದ ಭಾಗ. ಮುಕ್ಕಾಲು ಗಂಟೆ ಒಬ್ಬರ ಜೀವಕ್ಕೆ ಅಂಟಿಕೊಂಡು ಕೂತು, ಕೊನೆಗೆ "ಆತ್ರಿ, ಇಡ್ತೀನಿ" ಎಂಬ ಮಾತು ಬರುತ್ತದೆ. ಆಮೇಲೆ ಆ ವ್ಯಕ್ತಿಗೆ ಏನಾಯಿತು ಎಂಬುದು ಬಹಳ ಸಲ ತಿಳಿಯುವುದೇ ಇಲ್ಲ. ಯಶಸ್ಸು ಕಾಣದ, ಸೋಲೂ ಖಚಿತವಾಗದ ಕೆಲಸ. ಪರೀಕ್ಷೆ ಬರೆದರೆ ಅಂಕ ಬರುತ್ತದೆ, ಹೊಲ ಬಿತ್ತಿದರೆ ಬೆಳೆ ಬಂತೋ ಹೋಯಿತೋ ಕಣ್ಣಿಗೆ ಕಾಣುತ್ತದೆ. ಇಲ್ಲಿ ಹಾಗಿಲ್ಲ. "ನಾನು ಒಂದು ಜೀವ ಉಳಿಸಿದೆ" ಎಂದು ಹೇಳಿಕೊಳ್ಳುವ ಆಸೆ ಹರೆಯದಲ್ಲಿ ಬಲವಾಗಿರುತ್ತದೆ, ಅದು ಕೆಟ್ಟ ಆಸೆಯೂ ಅಲ್ಲ. ಆದರೆ ಅದು ತಲೆಗೇರಿದ ದಿನ ಎದುರಿನವರು ಇವರ ಗೆಲುವಿನ ಸಾಕ್ಷಿಯಾಗಿಬಿಡುತ್ತಾರೆ. ಬಸವನ ಬಾಗೇವಾಡಿಯ ಈ ನೆಲದಲ್ಲಿ ದಾಸೋಹ ಎಂದರೆ ಅನ್ನ ಬಡಿಸುವುದಷ್ಟೇ ಎಂದು ತಿಳಿಯುವವರಿದ್ದಾರೆ. ಕೊಡುವವ ತಾನೆಂಬ ಭಾವವನ್ನೂ ಎಲೆಯ ಮೇಲೆ ಬಡಿಸಿಬಿಡುವುದು ಅದರ ಕಷ್ಟದ ಪಾಲು. ಫಲ ತಿಳಿಯದ ಕೇಳುವಿಕೆ ಆ ಪಾಲನ್ನು ಹತ್ತೊಂಬತ್ತರ ವಯಸ್ಸಿನಲ್ಲೇ ಮಾಡಿಸುತ್ತದೆ.

ಇಷ್ಟು ದೊಡ್ಡದನ್ನು ಬೇಡುವವರು ಅಷ್ಟೇ ಜೋಪಾನ ಮಾಡಬೇಕು. ಕರೆ ಮುಗಿದ ಮೇಲೆ ವಿದ್ಯಾರ್ಥಿಯನ್ನು ಕೂಡಿಸಿಕೊಂಡು, ನಿನಗೇನಾಯಿತು ಎಂದು ಕೇಳುವ ಹಿರಿಯರು ಇರಬೇಕು. ಇವತ್ತು ನನ್ನಿಂದ ಆಗುವುದಿಲ್ಲ ಎಂದು ಹೇಳಿದರೆ ಅದು ಹೇಡಿತನವೆಂದು ಯಾರೂ ಅಂದುಕೊಳ್ಳಬಾರದು. ಮನೆಯಲ್ಲಿ ಇತ್ತೀಚೆಗೆ ಇಂಥ ಸಾವು ಕಂಡವರನ್ನು ಸದ್ಯಕ್ಕೆ ಫೋನಿನ ಹತ್ತಿರ ಕೂಡಿಸಬಾರದು. ಎನ್‌ಎಸ್‌ಎಸ್ ಅಂಕಕ್ಕೋ ಸರ್ಟಿಫಿಕೇಟಿಗೋ ಬಂದವರು ಬರಲಿ, ಬಂದು ಕಲಿಯಲಿ. ಕರೆ ಎತ್ತುವ ಮೊದಲು ಮಾತ್ರ ತಮ್ಮ ಒಳಗನ್ನು ಒಮ್ಮೆ ನೋಡಿಕೊಳ್ಳಲಿ.

ಈ ತರಬೇತಿ ಪಡೆದ ಬಹುಪಾಲು ಹುಡುಗಿಯರು ಓದು ಮುಗಿಸಿ ಊರಿಗೇ ಮರಳುತ್ತಾರೆ. ಹೆಂಗಸರಿಗೆ ಬಸ್ಸಿನ ಟಿಕೆಟ್ ಪುಕ್ಕಟೆ ಮಾಡಿದ 2023ರ ಶಕ್ತಿ ಯೋಜನೆಯಿಂದಾಗಿ ಎಷ್ಟೋ ಮಂದಿ ದಿನಾಲೂ ಮರಳುತ್ತಾರೆ, ಸಂಜೆಯ ಬಸ್ಸು ಹತ್ತಿ ಝಳಕಿ, ಚಡಚಣ, ದೇವರ ನಿಂಬರಗಿಗೆ. ಅಲ್ಲಿ ಅವರಿಗೆ ಇದಕ್ಕಿಂತ ಕಠಿಣವಾದ ಕೇಳುವಿಕೆ ಕಾದಿರುತ್ತದೆ. ತನ್ನ ತಮ್ಮನೇ ಫೇಲಾಗಿ ಬಂದು ಕೂತರೆ ಅಪರಿಚಿತಳ ಎದುರು ತೋರಿದ ತಾಳ್ಮೆಯನ್ನು ಅವನ ಎದುರು ತೋರಲು ಆಗುತ್ತದೆಯೆ? ಅವನ ಫೀಜಿಗೆ ಇವಳೂ ಏನನ್ನೋ ಬಿಟ್ಟುಕೊಟ್ಟಿರುತ್ತಾಳೆ. ಅವನ ಮಾತಿನಲ್ಲಿ ಇವಳೂ ಒಬ್ಬ ಪಾತ್ರ, ಪ್ರಾಯಶಃ ತಪ್ಪಿತಸ್ಥ ಪಾತ್ರ. ದೂರದವರ ದುಃಖವನ್ನು ಕೇಳಲು ಸಂಯಮ ಸಾಕು. ಹತ್ತಿರದವರದನ್ನು ಕೇಳಲು ತನ್ನ ಮೇಲೆ ಬರುವ ಆರೋಪವನ್ನೂ ಉತ್ತರ ಕೊಡದೆ ಕೇಳಬೇಕು. ಇದನ್ನು ವಿದ್ಯಾರ್ಥಿಗಳ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಕಾಲೇಜುಗಳು ಪಾಲಕರ ಸಭೆ ಕರೆಯುತ್ತವಲ್ಲ, ಹಾಜರಿ ಮತ್ತು ಫೀಜಿನ ಮಾತಾದ ಮೇಲೆ ಅರ್ಧ ಗಂಟೆ ಉಳಿಸಿ, ಅಪ್ಪಂದಿರನ್ನೂ ಅವ್ವಂದಿರನ್ನೂ ಮಕ್ಕಳ ಜೊತೆ ಬೆನ್ನಿಗೆ ಬೆನ್ನು ತಾಗುವ ಆ ಕುರ್ಚಿಗಳಲ್ಲಿ ಒಮ್ಮೆ ಕೂಡಿಸಬಹುದು. ಅದೂ ಫಲಿತಾಂಶ ಬರುವುದಕ್ಕಿಂತ ಮೊದಲೇ, ಮಾರ್ಚಿನಲ್ಲಿ.